ಡಾಂಬರು ಇರುವ ತನಕ

ಹೊಗೆ ದಟ್ಟವಾಗಿ ಬರಬೇಕು, ಅರ್ಜಿಗೆ ಹಚ್ಚುವ ಫೋಟೋದಲ್ಲಿ ಎದ್ದು ಕಾಣಬೇಕು ಎಂದು ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ಹೇಳಿ ಕಳಿಸಿದ್ದರು. ತಿಕೋಟಾ ದಾಟಿ ಬಬಲೇಶ್ವರದ ಕಡೆಗೆ ಹೊರಟ ರಸ್ತೆಯಲ್ಲಿ, ಕಾಲುವೆ ದಂಡೆಗೆ ತಿರುಗುವ ಜಾಗದಲ್ಲಿ ನಮ್ಮ ಶಾಲೆಯ ಹಳೆಯ ಡೀಸೆಲ್ ಬಸ್ಸನ್ನು ನಿಲ್ಲಿಸಿದೆವು. ವಸ್ತಿಯ ಹನ್ನೊಂದು ಮಕ್ಕಳನ್ನು ಇಳಿಸಿ, ಬಸ್ಸಿನ ಹಿಂದೆ ಸೈಲೆನ್ಸರ್ ಪಕ್ಕದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ದ್ರಾಕ್ಷಿ ತೋಟಗಳ ನಡುವೆ ಅಲ್ಲಲ್ಲಿ ಮನೆ ಕಟ್ಟಿಕೊಂಡು ಇರುವ ಕುಟುಂಬಗಳ ಗುಂಪಿಗೆ ನಮ್ಮಲ್ಲಿ ವಸ್ತಿ ಎನ್ನುತ್ತಾರೆ. ಡ್ರೈವರ್ ಚಾಚಾ ಆಕ್ಸಿಲರೇಟರ್ ಒತ್ತಿದರು. ಬಂದ ಹೊಗೆ ತೆಳ್ಳಗಿತ್ತು. ಬಸ್ಸು ಹಳೆಯದೇ ಹೊರತು ಅಷ್ಟೊಂದು ಕೆಟ್ಟಿರಲಿಲ್ಲ. ಚಾಚಾ ಇಳಿದು ಬಂದು ಗಾಳಿ ಎಳೆಯುವ ಫಿಲ್ಟರಿಗೆ ಒಂದು ಅರಿವೆ ತುರುಕಿ ಮತ್ತೆ ಒತ್ತಿದಾಗ ಬೇಕಾದಂಥ ಕಪ್ಪು ಹೊಗೆ ಬಂತು.

ನಾನು ಫೋಟೋ ತೆಗೆದೆ. ಮಕ್ಕಳು ಕೆಮ್ಮಿದರು, ಅದೂ ಬೇಕಾಗಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಗ್ಗಿ ವಾಂತಿ ಮಾಡಿಕೊಂಡಳು. ಎಂಟನೆಯ ತರಗತಿಯ ದೊಡ್ಡ ಹುಡುಗಿ ತನ್ನ ದುಪಟ್ಟಾದಿಂದ ಅವಳ ಬಾಯಿ ಒರೆಸಿ ನನ್ನತ್ತ ನೋಡಿ ಕೇಳಿದಳು:

“ಅಕ್ಕಾರ, ಇನ್ನೊಂದ್ ತೆಗೀತೀರೇನ್ರಿ? ಹಂಗಾದ್ರ ಈಕಿನ್ನ ಮುಂದ ನಿಲ್ಲಸ್ತೀನಿ.”

ಇನ್ನೊಂದು ತೆಗೆದೆ.

ನಾನು ವಿಜಯಪುರದ ಆ ಶಾಲೆಯ ಸಾರಿಗೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಹಳೆಯ ಡೀಸೆಲ್ ಬಸ್ಸುಗಳನ್ನು ಗುಜರಿಗೆ ಹಾಕಿ ವಿದ್ಯುತ್ ಬಸ್ಸು ಕೊಳ್ಳುವ ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆ ಎಂಬ ಸುತ್ತೋಲೆ ಬಂದಾಗ ಅರ್ಜಿಯ ಕೆಲಸ ನನ್ನ ಮೇಜಿಗೆ ಬಂತು. ಅರ್ಜಿ ಹಾಕಿದ ಶಾಲೆಗಳು ಬಹಳ ಇದ್ದವು. ಸರ್ಕಾರಿ ಬಸ್ಸು ಹೋಗದ ಜಾಗಗಳಿಂದ ಮಕ್ಕಳನ್ನು ಕರೆತರುವ ಶಾಲೆಗೆ ಹೆಚ್ಚು ಅಂಕ ಎಂದು ಸುತ್ತೋಲೆಯಲ್ಲಿತ್ತು. ನಗರದಿಂದ ತಿಕೋಟಾ, ಅಲ್ಲಿಂದ ಅಡ್ಡ ಹಾಯ್ದು ಬಬಲೇಶ್ವರ, ಮತ್ತೆ ನಗರ ಎಂದು ಮುಕ್ಕೋನವಾಗಿ ಸುತ್ತಿ ಬರುವ ನಮ್ಮ ಬಸ್ಸು ಆ ಒಂದೇ ವಸ್ತಿಗಾಗಿ ಡಾಂಬರು ಬಿಟ್ಟು ಕಾಲುವೆ ದಂಡೆಗೆ ಇಳಿಯುತ್ತಿತ್ತು. ಆ ಹನ್ನೊಂದು ಮಕ್ಕಳಿಂದ ನಮ್ಮ ಅರ್ಜಿ ಪಟ್ಟಿಯ ಮೇಲ್ಭಾಗಕ್ಕೆ ಹೋಯಿತು. ಮಂಜೂರಾತಿ ಬಂದ ದಿನ ಕಾರ್ಯದರ್ಶಿಗಳು ಸಿಬ್ಬಂದಿಗೆಲ್ಲ ಪೇಢೆ ಹಂಚಿದರು. ವಸ್ತಿಗೂ ಒಂದು ಡಬ್ಬಿ ಕಳಿಸೋಣ ಎಂದೆ. “ಕಳಸೂಣ್ರಿ ಮೇಡಂ,” ಎಂದರು. ಕಳಿಸಲಿಲ್ಲ.

ಹಣ ಎರಡು ಕಂತಿನಲ್ಲಿ ಬರುವುದಿತ್ತು. ಹಳೆಯ ಬಸ್ಸು ತುಂಡಾಗಿದೆ ಎಂಬ ಪ್ರಮಾಣಪತ್ರ ಕೊಟ್ಟರೆ ಮೊದಲ ಕಂತು. ಹೊಸ ಬಸ್ಸು ಅರ್ಜಿಯಲ್ಲಿ ಹೇಳಿದ ದಾರಿಯಲ್ಲೇ, ಹೇಳಿದ ಮಕ್ಕಳನ್ನೇ ಹೊತ್ತು ಓಡುತ್ತಿದೆ ಎಂದು ಅಧಿಕಾರಿ ಬಂದು ನೋಡಿದ ಮೇಲೆ ಎರಡನೆಯದು. ಹೊಸದು ಬಂದು ಒಂದಷ್ಟು ದಿನ ಓಡಲಿ, ಆಮೇಲೆ ಹಳೆಯದನ್ನು ಕಳಿಸೋಣ ಎಂದು ನಾನು ಕೇಳಿಕೊಂಡೆ. ನಿಯಮದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ತೆರಿಗೆ ಬಾಕಿ ಇಲ್ಲ, ದಂಡ ಬಾಕಿ ಇಲ್ಲ ಎಂದು ಆರ್‌ಟಿಓ ಕಚೇರಿಯಲ್ಲಿ ಬರೆಸಿಕೊಳ್ಳುವುದಕ್ಕೇ ಹಲವು ಸಲ ಅಲೆದೆ. ಕೊನೆಗೆ ಚಾಚಾ ಬಸ್ಸನ್ನು ಬೇರೆ ಜಿಲ್ಲೆಯ ನೋಂದಾಯಿತ ಗುಜರಿ ಕೇಂದ್ರಕ್ಕೆ ಓಡಿಸಿಕೊಂಡು ಹೊರಟರು. ಜೊತೆಗೆ ನಾನೂ ಹೋದೆ. ಅಲ್ಲಿನವರು ಮೊದಲು ಚಾಸಿಯ ಮೇಲೆ ಕೆತ್ತಿದ ನಂಬರಿನ ತುಂಡನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿ ತೆಗೆದರು. ಅದು ಬೇರೆಯಾದ ಮೇಲೆ ಬಸ್ಸು ಕಾಗದದ ಮೇಲೆ ಸತ್ತಂತೆ. ಆಮೇಲೆ ಎಂಜಿನ್ನಿಗೆ ತೂತು ಹೊಡೆದರು. ಚಾಚಾ ನೋಡುತ್ತ ನಿಂತರು. ಅವರಿಗೆ ದುಃಖವಾಗಿರಬಹುದು ಎಂದುಕೊಂಡೆ.

“ಹೊಸಾದ್ರಾಗ ಎಸಿ ಇರತದೇನ್ರಿ ಅಕ್ಕಾರ, ಡ್ರೈವರ್ ಕಡೀಗೂ?” ಎಂದು ಕೇಳಿದರು.

ಇರುತ್ತದೆ ಎಂದೆ.

ಹೊಸ ಬಸ್ಸು ಬಿಳಿ, ಹಸಿರು ಬಣ್ಣದ್ದು. ಶಾಲೆಯ ಅಂಗಳದಲ್ಲಿ ಅದಕ್ಕೊಂದು ಟ್ರಾನ್ಸ್‌ಫಾರ್ಮರ್, ಚಾರ್ಜ್ ಮಾಡುವ ಕಂಬ, ಮೇಲೆ ತಗಡಿನ ಮಾಡು. ಕಂಪನಿಯವರು ಚಾಚಾನಿಗೆ ತರಬೇತಿ ಕೊಟ್ಟರು. ಗೇರ್ ಇಲ್ಲ, ಕ್ಲಚ್ ಇಲ್ಲ, ಬಾಗಿಲಿಗೆ ಬಟನ್. ಮೊದಲ ದಿನ ಬಸ್ಸು ನಗರದಿಂದ ಸದ್ದಿಲ್ಲದೆ ಹೊರಟು ತಿಕೋಟಾ ದಾಟುವವರೆಗೂ ಎಲ್ಲ ಚೆನ್ನಾಗಿತ್ತು. ಕಾಲುವೆ ದಂಡೆಗೆ ಇಳಿದು ಅರ್ಧ ದಾರಿಯಲ್ಲಿ ಒಂದು ಕಿರುಸೇತುವೆ ಬರುತ್ತದೆ, ಗೂನು ಬೆನ್ನಿನಂತೆ ಎದ್ದದ್ದು. ಹಳೆಯ ಬಸ್ಸಿನ ಹೊಟ್ಟೆಯ ಕೆಳಗೆ ಆಡಿನ ಮರಿ ನುಸುಳಿ ಹೋಗುತ್ತಿತ್ತು. ಹೊಸದರ ಬ್ಯಾಟರಿ ಇದ್ದದ್ದೇ ಹೊಟ್ಟೆಯಲ್ಲಿ, ನೆಲಕ್ಕೂ ಅದಕ್ಕೂ ನಡುವೆ ಒಂದು ಗೇಣು. ಮುಂದಿನ ಗಾಲಿ ಗೂನು ದಾಟಿದವು, ಹೊಟ್ಟೆ ಗೂನಿನ ಮೇಲೆ ಕೂತಿತು. ವಸ್ತಿಯವರು ಓಡಿ ಬಂದರು. ಆ ದೊಡ್ಡ ಹುಡುಗಿಯ ತಾಯಿ ಮನೆಯ ಹಲಗೆಗಳನ್ನೇ ಹೊತ್ತು ತಂದಳು. ಟ್ರ್ಯಾಕ್ಟರ್ ಕಟ್ಟಿ ಹಿಂದಕ್ಕೆ ಎಳೆಯುವಾಗ ತಗಡು ಕೆರೆಯುವ ಸದ್ದು ನನ್ನ ಹಲ್ಲಿನವರೆಗೂ ಬಂತು.

ಎರಡು ದಿನದ ಮೇಲೆ ಬಂದ ಕಂಪನಿಯ ತಂತ್ರಜ್ಞ ಬಸ್ಸಿನ ಕೆಳಗೆ ಮಲಗಿ ನೋಡಿ, ರಕ್ಷಣೆಯ ತಗಡು ಮಾತ್ರ ಬಗ್ಗಿದೆ, ಬ್ಯಾಟರಿಗೆ ಏನೂ ಆಗಿಲ್ಲ ಎಂದ. ಹೋಗುವಾಗ ಒಂದು ಹಾಳೆ ಕೊಟ್ಟು ಹೋದ. ಇನ್ನು ಡಾಂಬರು ಬಿಟ್ಟು ಓಡಿಸಿದರೆ ಬ್ಯಾಟರಿಗೆ ಕಂಪನಿ ಜವಾಬ್ದಾರಿಯಲ್ಲ. ಬಸ್ಸಿನ ಬೆಲೆಯಲ್ಲಿ ಅರ್ಧದಷ್ಟು ಬ್ಯಾಟರಿಯದೇ. ಕಾರ್ಯದರ್ಶಿಗಳು ಹಾಳೆ ಓದಿ ಮಡಚಿ ಜೇಬಿಗಿಟ್ಟುಕೊಂಡರು.

“ವಸ್ತಿ ಬಂದ್ ಮಾಡ್ರಿ. ಹುಡುಗ್ರು ಡಾಂಬರ್ ರಸ್ತೆಕ್ಕ ಬಂದ್ ನಿಲ್ಲಲಿ.”

“ಮೂರು ಕಿಲೋಮೀಟರ್ ಆಗತದ್ರಿ ಸರ್. ಅದೂ ಎರಿ ಮಣ್ಣು.”

“ನಾವೂ ನಡಕೋತ ಹೋಗೇ ಸಾಲಿ ಕಲತೇವಿ.”

ನಾನು ಸುಮ್ಮನೆ ಕೂರಲಿಲ್ಲ. ಆ ಗೂನನ್ನು ತಗ್ಗಿಸಿಕೊಡಿ ಎಂದು ಪಂಚಾಯಿತಿಗೆ ಹೋದೆ. ಸೇತುವೆ ನೀರಾವರಿಯವರದು ಎಂದರು. ನೀರಾವರಿ ಕಚೇರಿಯಲ್ಲಿ, ಸೇತುವೆ ನಮ್ಮದು, ರಸ್ತೆ ನಮ್ಮದಲ್ಲ, ಮೇಲಿನಿಂದ ಒಪ್ಪಿಗೆ ಬರಬೇಕು ಎಂದರು. ವಸ್ತಿಗೆ ಒಂದು ಜೀಪು ಗೊತ್ತುಮಾಡೋಣ ಎಂದಾಗ ಕಾರ್ಯದರ್ಶಿಗಳು ಮುಂದಿನ ಕಡತ ತೆಗೆದರು. ಅಷ್ಟರಲ್ಲಿ ಮಳೆ ಹಿಡಿಯಿತು.

ಆ ವಾರ ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದೆ. ಯಾವ ಸ್ಟಾಪಿನಲ್ಲೂ ಎರಡು ನಿಮಿಷಕ್ಕಿಂತ ಹೆಚ್ಚು ನಿಂತರೆ ಎಲ್ಲ ಪಾಲಕರ ಮೊಬೈಲಿಗೂ ತಾನಾಗಿಯೇ ಸಂದೇಶ ಹೋಗುವಂತೆ ಕಂಪನಿಯವರು ಮಾಡಿದ್ದರು. ಕಾಲುವೆ ತಿರುವಿಗೆ ಬಂದು ನಿಂತೆವು. ದೂರದಲ್ಲಿ ದಂಡೆಯ ಮೇಲೆ ವಸ್ತಿಯ ಮಕ್ಕಳು ಬರುತ್ತಿದ್ದರು. ಚಪ್ಪಲಿ ಕೈಯಲ್ಲಿ, ಎರೆ ಮಣ್ಣು ಮೊಳಕಾಲಿನವರೆಗೆ. ಬಸ್ಸು ಕಂಡದ್ದೇ ಓಡತೊಡಗಿದರು. ಒಳಗಿದ್ದ ತಿಕೋಟಾದ ಮಕ್ಕಳು ಒಂದು ಬದಿಯ ಕಿಟಕಿಗಳಿಗೆ ಮುಖ ಒತ್ತಿ ನಿಂತರು.

“ಆ ಕೆಂಪ್ ರಿಬ್ಬನ್ ಬರತಾಳ ನೋಡ.”

“ಇಲ್ಲಲೇ, ಬೀಳತಾಳ.”

ಅವರು ಪಂತ ಕಟ್ಟುತ್ತಿದ್ದರು. ಇದು ದಿನವೂ ನಡೆಯುವ ಆಟ ಎಂದು ಆಗ ತಿಳಿಯಿತು. ಕೆಂಪು ರಿಬ್ಬನ್ನಿನವಳು ನಿಜಕ್ಕೂ ಬಿದ್ದಳು. ಬಸ್ಸೆಲ್ಲ ನಕ್ಕಿತು. ದೊಡ್ಡ ಹುಡುಗಿ ಹಿಂದಕ್ಕೆ ಹೋಗಿ ಅವಳನ್ನು ಎತ್ತಿದಳು. ಮುಂದಿದ್ದ ಮೂವರು ಹತ್ತಿದರು. ಇನ್ನುಳಿದವರು ಒಂದು ಕೂಗಿನಷ್ಟು ದೂರದಲ್ಲಿದ್ದಾಗ ಚಾಚಾ ಬಟನ್ ಒತ್ತಿದರು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

“ಚಾಚಾ, ತೆಗೀರಿ. ಬಂದಾರಲ್ಲ.”

“ಮೆಸೇಜ್ ಹೋಗತೈತ್ರಿ ಅಕ್ಕಾರ. ಮೆಸೇಜ್ ಹೋದ್ರ ಬಬಲೇಶ್ವರದವರು ಫೋನ್ ಮಾಡತಾರ. ಫೋನ್ ಬಂದ್ರ ನನ್ನ ನೌಕರಿ ಹೋಗತೈತಿ.” ಅವರು ಕನ್ನಡಿಯ ಕಡೆ ನೋಡದೆ ಬಸ್ಸು ಬಿಟ್ಟರು.

ಈ ವಿಷಯ ಪಾಲಕರ ಸಭೆಗೆ ಬಂತು. ನಾನೇ ತರಿಸಿದೆ. ಎಲ್ಲರೂ ಮಕ್ಕಳ ತಂದೆತಾಯಿಗಳು, ಎದುರುಬದುರು ಕೂತರೆ ಹತ್ತು ನಿಮಿಷ ಕಾಯೋಣ ಎಂದು ಒಪ್ಪುತ್ತಾರೆ ಎಂದುಕೊಂಡಿದ್ದೆ. ವಸ್ತಿಯಿಂದ ದೊಡ್ಡ ಹುಡುಗಿಯ ತಾಯಿ ಒಬ್ಬಳೇ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇರುವ ಒಬ್ಬ ತಂದೆ ಮೊದಲು ಎದ್ದರು.

“ಹತ್ತ ನಿಮಿಷದ್ದ ಮಾತಲ್ರಿ ಇದು. ಆ ಹುಡುಗ್ರ ಕಾಲಾಗಿನ ರಾಡಿ ಸೀಟಿಗೆ ಹತ್ತತೈತಿ, ಸೀಟಿಂದ ನಮ್ಮ ಹುಡುಗ್ರ ಅರಿವಿಗೆ ಹತ್ತತೈತಿ. ವಾಸನಿ ಬ್ಯಾರೆ. ನಾವು ರೊಕ್ಕಾ ಕೊಡೂದು ಯಾತಕ್ಕ?”

“ನಾವೂ ಕೊಡತೇವ್ರಿ,” ಎಂದಳು ತಾಯಿ ಕೂತಲ್ಲಿಂದಲೇ. “ನಿಮ್ಮಷ್ಟ ಕೊಡತೇವಿ. ನಮ್ಮ ಹುಡುಗ್ರ್ನ ಹೊಗಿಯಾಗ ನಿಂದರಸಿ ಫೋಟೋ ಹೊಡಕೊಂಡ ಈ ಬಸ್ಸ ತಂದಾರ. ಕೇಳ್ರಿ ಅಕ್ಕಾರ್ನ.”

ಎಲ್ಲರೂ ನನ್ನತ್ತ ತಿರುಗಿದರು. ಹೌದು ಎಂದೆ. ಕಾರ್ಯದರ್ಶಿಗಳು ನಗುತ್ತ ಎದ್ದು, ಇದನ್ನೆಲ್ಲ ಬೆಳೆಸುವುದು ಬೇಡ, ಬಸ್ಸು ಎರಡೇ ನಿಮಿಷ ನಿಲ್ಲಲಿ ಎನ್ನುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ತಾಯಿಯ ಪಕ್ಕದಲ್ಲೇ ಅವಳ ನಾದಿನಿ ಕೂತಿದ್ದಳು, ತಿಕೋಟಾಕ್ಕೆ ಮದುವೆಯಾಗಿ ಹೋದವಳು, ಅವಳ ಮಗನೂ ಅದೇ ಬಸ್ಸಿಗೆ ಬರುತ್ತಿದ್ದ. ಅವಳು ಅತ್ತಿಗೆಯ ಮುಖ ನೋಡದೆ, ಮೊಣಕೈ ಬೆಂಚಿನ ಮೇಲೆ ಊರಿಕೊಂಡೇ, ಅಂಗೈ ಮಾತ್ರ ಎತ್ತಿದಳು.

ಆ ಮೇಲೆ ವಸ್ತಿಯಿಂದ ಬರುವವರು ಕಡಿಮೆಯಾದರು. ಹನ್ನೊಂದರಲ್ಲಿ ಮೂವರೋ ನಾಲ್ವರೋ, ಅದೂ ಮಳೆ ಇಲ್ಲದ ದಿನ. ಎಂಟನೆಯ ತರಗತಿಯ ಹುಡುಗಿ ಮಾತ್ರ ತಪ್ಪಿಸಲಿಲ್ಲ. ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದಳು.

ಎರಡನೆಯ ಕಂತಿನ ಪರಿಶೀಲನೆಗೆ ಅಧಿಕಾರಿ ಬರುವ ದಿನ ಗೊತ್ತಾಯಿತು. ಕಾರ್ಯದರ್ಶಿಗಳು ನನ್ನನ್ನು ಕರೆದು, ಅವತ್ತು ವಸ್ತಿಗೆ ಬಾಡಿಗೆ ಜೀಪು ಹೋಗುತ್ತದೆ, ಮಕ್ಕಳನ್ನು ತಿರುವಿನವರೆಗೆ ತಂದುಬಿಡುತ್ತದೆ, ಹನ್ನೊಂದೂ ಮಂದಿ ಬಸ್ಸಿನಲ್ಲಿರಬೇಕು ಎಂದರು. ಸಂಜೆ ಅಧಿಕಾರಿ ತಿರುವಿನಲ್ಲಿ ಇಳಿದು ನೋಡದಂತೆ ಬಬಲೇಶ್ವರದ ತನಕ ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ.

ಅಂದು ಬೆಳಿಗ್ಗೆ ಹನ್ನೊಂದು ಮಕ್ಕಳೂ ತಿರುವಿನಲ್ಲಿದ್ದರು. ತಲೆಗೆ ಎಣ್ಣೆ, ಇಸ್ತ್ರಿ ಮಾಡಿದ ಸಮವಸ್ತ್ರ, ಒಣಗಿದ ಕಾಲು. ಅಧಿಕಾರಿ ಸಾವಕಾಶದ ಮನುಷ್ಯ. ಸೀಟು ಎಣಿಸಿದರು, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ಓಡಿದ ಕಿಲೋಮೀಟರಿಗೂ ಚಾರ್ಜರ್ ಮೀಟರಿಗೂ ತಾಳೆ ಹಾಕಿದರು, ಮಕ್ಕಳ ಹೆಸರು ಕೇಳಿದರು. ಹಿಂದಿನ ಸೀಟಿನಿಂದ ಕೆಂಪು ರಿಬ್ಬನ್ನಿನ ಪುಟ್ಟ ಹುಡುಗಿ ನನ್ನ ಸೆರಗು ಎಳೆದು ಹೇಳಿದಳು:

“ಅಕ್ಕಾರ, ಇನ್ನ ದಿನಾ ಜೀಪ್ ಬರತೈತಂತ್ರಿ. ಅವ್ವ ಹೇಳ್ಯಾಳ.”

ಇಷ್ಟು ಸಣ್ಣ ಮಕ್ಕಳಿಗೂ ಸುಳ್ಳು ಹೇಳಿ ಬಸ್ಸು ಹತ್ತಿಸಿದ್ದಾರೆ ಎಂದು ನನಗೆ ಸಿಟ್ಟು ಬಂತು. ಅಲ್ಲಿಯವರೆಗೂ ನಾನು ಕಾರ್ಯದರ್ಶಿಗಳು ಹೇಳಿದ್ದನ್ನು ಮಾಡಿಕೊಂಡು ಬಂದವಳು. ಸಂಜೆ ಬಸ್ಸು ತಿರುವಿನಲ್ಲಿ ನಿಂತು ಮಕ್ಕಳು ಇಳಿಯತೊಡಗಿದಾಗ ನಾನೂ ಇಳಿದೆ.

“ಸಾಹೇಬ್ರ, ಇದು ಇವರ ಸ್ಟಾಪ್ ಅಲ್ರಿ. ಇವರ ಮನಿ ತನಕ ಬರ್ರಿ, ತೋರಸ್ತೀನಿ.”

ಗೋವಿನಜೋಳದ ಹೊಲದ ಮರೆಯಲ್ಲಿ ಜೀಪು ನಿಂತಿತ್ತು. ಅಧಿಕಾರಿ ಜೀಪನ್ನು ನೋಡಿದರು, ನನ್ನನ್ನು ನೋಡಿದರು, ದಂಡೆಯ ಮೇಲೆ ನಡೆಯತೊಡಗಿದರು. ಮಕ್ಕಳು ಜೀಪು ಹತ್ತದೆ ನಮ್ಮ ಹಿಂದೆಯೇ ಬಂದರು. ಕಿರುಸೇತುವೆಯ ಗೂನಿನ ಮೇಲೆ ಕೆರೆದ ಗುರುತು ಇನ್ನೂ ಇತ್ತು. ಅಧಿಕಾರಿ ಬೂಟಿಗೆ ಹತ್ತಿದ ಎರೆ ಮಣ್ಣನ್ನು ಕಲ್ಲಿಗೆ ಕೆರೆದುಕೊಳ್ಳುತ್ತ ಮೆಲ್ಲಗೆ ಕೇಳಿದರು.

“ಅಕ್ಕಾರ, ಬಸ್ ಇಲ್ಲಿಗೆ ಬರೂದಿಲ್ಲ ಅಂತ ನಾ ಬರದ್ರ ಎರಡನೇ ಕಂತು ನಿಲ್ಲತದ. ಮೊದಲನೇದೂ ವಾಪಸ್ ಕೇಳತಾರ. ನೀವೇ ಹೇಳ್ರಿ, ಏನ್ ಬರೀಲಿ?”

“ಇದ್ದದ್ದ ಬರೀರಿ.”

“ನಿಮ್ಮ ಹೆಸರ ಹಾಕಬೇಕಾಗತದ.”

“ಹಾಕ್ರಿ.”

ಅವರು ಅಲ್ಲೇ ನಿಂತು ಬರೆದರು. ನನಗೆ ಎದೆ ಹಗುರಾಗಿತ್ತು. ಇನ್ನು ಸೇತುವೆ ಸರಿಮಾಡಿಸುತ್ತಾರೆ, ಇಲ್ಲವೇ ಜೀಪು ಕೊಡುತ್ತಾರೆ, ಸರ್ಕಾರದ ಕಣ್ಣಿಗೆ ಬಿದ್ದ ಮೇಲೆ ಬೇರೆ ದಾರಿ ಇರುವುದಿಲ್ಲ ಎಂದುಕೊಂಡೆ. ಸೇತುವೆಯ ಆಚೆ ಬದಿಯಲ್ಲಿ ದೊಡ್ಡ ಹುಡುಗಿಯ ತಾಯಿ ಬಂದು ನಿಂತಿದ್ದಳು. ಅಧಿಕಾರಿ ಬರೆಯುವುದನ್ನೂ ಮಕ್ಕಳು ನಡೆದು ಬಂದದ್ದನ್ನೂ ನೋಡಿದಳು. ನಾನು ಕೈ ಎತ್ತಿದೆ. ಅವಳು ಎತ್ತಲಿಲ್ಲ.

ಬೇರೆ ದಾರಿ ಇತ್ತು. ಸಹಾಯಧನ ತಡೆಹಿಡಿದ ನೋಟಿಸು ಬಂದ ಮೇಲೆ ಸಂಸ್ಥೆ ಬಸ್ ಕಂಪನಿಗೆ ಕೊಡಬೇಕಾದ ಕಂತು ನಿಲ್ಲಿಸಿತು. ಕಂಪನಿಯವರು ಜಗಳಕ್ಕೆ ಬರಲಿಲ್ಲ, ಯಾರನ್ನೂ ಕಳಿಸಲೂ ಇಲ್ಲ. ಒಂದು ಬೆಳಿಗ್ಗೆ ಚಾಚಾ ಬಸ್ಸು ಚಾಲು ಮಾಡಲು ಹೋದರೆ ಪರದೆಯ ಮೇಲೆ ಒಂದು ಸಾಲು ಬಂತು, ಅಷ್ಟೇ. ದೂರದ ಯಾವುದೋ ಕಚೇರಿಯಲ್ಲಿ ಕೂತು ಬಸ್ಸನ್ನು ಆರಿಸಿದ್ದರು. ಬ್ಯಾಟರಿ ತುಂಬ ವಿದ್ಯುತ್ ಇತ್ತು. ಗಾಲಿ ಮಾತ್ರ ತಿರುಗಲಿಲ್ಲ. ಹಳೆಯ ಬಸ್ಸು ಅಷ್ಟು ಹೊತ್ತಿಗೆ ಕರಗಿ ಏನಾಗಿತ್ತೋ. ಆ ಮುಕ್ಕೋನದ ಯಾವ ಮಗುವಿಗೂ ಬಸ್ಸು ಇಲ್ಲದಂತಾಯಿತು.

ತಿಕೋಟಾ ಮತ್ತು ಬಬಲೇಶ್ವರದವರು ನನ್ನ ಹೆಸರು ಹಿಡಿದು ಬೈಯುತ್ತ ಒಂದು ವಾರದಲ್ಲಿ ವ್ಯಾನು ಗೊತ್ತುಮಾಡಿಕೊಂಡರು. ದೊಡ್ಡ ಹುಡುಗರು ಸರ್ಕಾರಿ ಬಸ್ಸು ಹಿಡಿದರು. ವ್ಯಾನಿನವರು ಕಾಲುವೆ ತಿರುವಿನಲ್ಲಿ ನಿಲ್ಲಿಸಲೂ ಒಪ್ಪಲಿಲ್ಲ. ಒಂದೊಂದು ಸೀಟೂ ತುಂಬಿತ್ತು. ಕಾರ್ಯದರ್ಶಿಗಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಶಾಲೆ ಬಿಡುವ ಮಕ್ಕಳಿಗೆ ವರ್ಗಾವಣೆ ಪತ್ರ ಬರೆದುಕೊಡುವ ಕಿಟಕಿಗೆ ಹಾಕಿದರು.

“ನಿಮ್ಮ ರೂಟಿನವರ ಬರತಾರ ಮೇಡಂ, ನೀವೇ ಇದ್ರ ಚಲೋ,” ಎಂದರು.

ವಸ್ತಿಯವರು ಒಬ್ಬೊಬ್ಬರಾಗಿ ಬಂದರು. ಎಲ್ಲರಿಗೂ ನಾನೇ ಬರೆದುಕೊಟ್ಟೆ. ಕೊನೆಗೆ ಆ ತಾಯಿ ಬಂದಳು. ಮಗನನ್ನು ಬಬಲೇಶ್ವರದ ತನ್ನ ಅಣ್ಣನ ಮನೆಯಲ್ಲಿ ಇಟ್ಟು ಓದಿಸುವುದಾಗಿ ಹೇಳಿದಳು.

“ಮಗಳು?”

“ಆಕಿನ್ನ ಯಾರ್ ಇಟಗೋತಾರ್ರಿ? ಬೆಳದ್ ಹುಡುಗಿ. ತೋಟದಾಗ ಕೆಲಸ ಐತಿ.”

ಇಬ್ಬರ ಪತ್ರಕ್ಕೂ ಮೊಹರು ಹಾಕಿ ಕೊಟ್ಟೆ. ಅವಳು ಹೋಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತಳು.

“ಅಕ್ಕಾರ, ಒಂದ್ ಮಾತ್ ಕೇಳ್ಲಿ? ಅವತ್ತ ಯಾಕ ಹಂಗ ಮಾಡಿದ್ರಿ?”

“ಸುಳ್ಳ ಹೇಳಿ ನಿಮ್ಮ ಹುಡುಗರನ್ನ ಬಸ್ ಹತ್ತಿಸಿದ್ರಲ್ಲವ್ವ. ದಿನಾ ಜೀಪ್ ಬರತೈತಿ ಅಂತ.”

“ಸುಳ್ಳಲ್ರಿ ಅದು. ನಾನೇ ಮಾತಾಡಿದ್ದೆ.” ಅವಳ ದನಿ ಏರಲಿಲ್ಲ. “ಸಭಾ ಆದ ಮ್ಯಾಲ ಸರ್ ಮನೀಗೆ ಹೋಗಿ ಕುಂತೆ. ತಪಾಸಣಿ ದಿನ ನಮ್ಮ ಹುಡುಗ್ರು ಬರಬೇಕಂದ್ರ ಆಮ್ಯಾಲೂ ದಿನಾ ಜೀಪ್ ಕಳಸಬೇಕು, ಇಲ್ಲಾಂದ್ರ ಒಬ್ಬರನ್ನೂ ಕಳಸಂಗಿಲ್ಲ ಅಂದೆ. ರೊಕ್ಕಾ ಬಂದ ಮರುದಿನದಿಂದ ಕಳಸ್ತೀನಿ ಅಂತ ಮಾತ ಕೊಟ್ಟಿದ್ರು.”

“ಅವರು ಕಳಸತಿದ್ದಿಲ್ಲ,” ಎಂದೆ.

“ಕಳಸತಿದ್ರೋ ಇಲ್ಲೋ, ನನಗೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಕಳಸದಿದ್ರ ನಾ ದಿನಾ ಹೋಗಿ ಅವರ ಬಾಗಲದಾಗ ಕುಂಡರತಿದ್ದೆ.” ಪತ್ರಗಳನ್ನು ಸೆರಗಿನ ಒಳಗೆ ಇಟ್ಟುಕೊಂಡಳು. “ನೀವು ಖರೇ ಹೇಳಿದ್ರಿ. ಹೇಳೂಕಿಂತ ಮೊದಲ ಒಂದ್ ಮಾತ ನನ್ನ ಕೇಳಬೇಕಿತ್ತ ನೋಡ್ರಿ.”

ಹನ್ನೊಂದು ಮಕ್ಕಳಿಗಾಗಿ ಎಷ್ಟೆಲ್ಲ ಓಡಾಡಿದ ನಾನು ಅವರ ಮನೆಯವರನ್ನು ಕೇಳಬೇಕು ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಕಾರ್ಯದರ್ಶಿಗಳೂ ಅಂದುಕೊಂಡಿರಲಿಲ್ಲ. ಅವಳು ತಾನಾಗಿ ಹೋಗಿ ಅವರನ್ನು ಮಾತಿನಲ್ಲಿ ಹಿಡಿದಿದ್ದಳು. ಹಿಡಿದದ್ದನ್ನು ಬಿಡಿಸಿದವಳು ನಾನು.

ಚಳಿಗಾಲ ಕಳೆದು ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಮನೆಯ ಒಂದು ಮದುವೆಗೆ ಒಣದ್ರಾಕ್ಷಿ ಬೇಕಾಗಿ ತಿಕೋಟಾ ಬದಿಯ ಒಂದು ಶೆಡ್ಡಿಗೆ ಹೋಗಿದ್ದೆ. ಹಸಿರು ಬಲೆಯ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು, ಕಪ್ಪು ಕಾಳು ಬೇರೆ ಮಾಡುತ್ತಿದ್ದರು. ಅವರ ನಡುವೆ ಆ ಹುಡುಗಿ ಇದ್ದಳು. ಕೈಬೆರಳು ಅಂಟಂಟಾಗಿ, ತಲೆಗೆ ಅರಿವೆ ಕಟ್ಟಿಕೊಂಡು. ನಾನು ಗುರುತು ಹಿಡಿಯುವ ಮೊದಲೇ ಎದ್ದು ನಿಂತಳು, ತರಗತಿಗೆ ಯಾರಾದರೂ ಬಂದರೆ ನಿಲ್ಲುವ ಹಾಗೆ.

“ಆರಾಮದೀರೇನ್ರಿ ಅಕ್ಕಾರ?”

ಆರಾಮ ಎಂದೆ. ತಮ್ಮನನ್ನು ಕೇಳಿದೆ. ಓದುತ್ತಿದ್ದಾನೆ, ಹಬ್ಬಕ್ಕೆ ಬಂದಿದ್ದ ಎಂದಳು. ಶೆಡ್ಡಿನ ಮಾಲೀಕ ಅತ್ತ ನೋಡಿದ್ದರಿಂದ ಮತ್ತೆ ಕೂತು ಕೆಲಸಕ್ಕೆ ಕೈ ಹಾಕಿದಳು. ತಲೆ ಎತ್ತದೆ ಕೇಳಿದಳು:

“ಆ ಬಸ್ಸ ಚಾಲೂ ಆತೇನ್ರಿ?”

ಆ ಬಸ್ಸು ಚಾಲು ಆಗಿ ತಿಂಗಳಾಗಿತ್ತು. ಕಾರ್ಯದರ್ಶಿಗಳು ದಾನಿಗಳನ್ನು ಹಿಡಿದು ಕಂಪನಿಯ ಬಾಕಿ ತೀರಿಸಿದ್ದರು. ಈಗ ಅದು ನಗರದೊಳಗೆ ಮಾತ್ರ ಓಡುತ್ತದೆ, ಪೂರಾ ಡಾಂಬರು. ಅಂದು ಬೆಳಿಗ್ಗೆ ನಾನು ತಿಕೋಟಾ ಬಸ್ಸು ಹಿಡಿಯಲು ನಿಂತಿದ್ದಾಗ ಗೋಳಗುಮ್ಮಟದ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು ಸದ್ದಿಲ್ಲದೆ ನನ್ನ ಮುಂದೆಯೇ ಹಾದು ಹೋಗಿತ್ತು. ಚಾಚಾ ಒಳಗಿನಿಂದ ಕೈ ಬೀಸಿದ್ದರು.

“ಇಲ್ಲವ್ವ,” ಎಂದೆ. “ಅಲ್ಲೇ ನಿಂತೈತಿ.”

ಅವಳು ಒಂದು ಹಿಡಿ ಕಾಳನ್ನು ಜರಡಿಗೆ ಹಾಕಿ ತಟ್ಟಿದಳು.

“ಚಲೋ ಆತ್ ಬಿಡ್ರಿ,” ಎಂದಳು.